ಸೊರ ಬಿಡಿಸುವ ಇಂಜೆಕ್ಷನ್: ತಪ್ಪು ಕಲ್ಪನೆ ಮತ್ತು ಸತ್ಯ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಕಬ್ಬಿನ ಬಿಲ್ ಬರುವವರೆಗೆ ಎಷ್ಟೋ ಮನೆಗಳ ಸಂತೆ ಖರ್ಚು ನೋಡಿಕೊಳ್ಳುವುದು ಎಮ್ಮೆಯ ಹಾಲು. ಕರು ಸತ್ತು ಎಮ್ಮೆ ಸೊರ ಬಿಡದಿದ್ದರೆ, ಅಂದರೆ ಹಾಲು ಇಳಿಸದಿದ್ದರೆ, ‘ಒಂದು ಇಂಜೆಕ್ಷನ್ ಹಾಕಿ’ ಎನ್ನುವವರು ಸಿಗುತ್ತಾರೆ. ಆ ಔಷಧಿಯೇ ಆಕ್ಸಿಟೋಸಿನ್. ಮೆದುಳಿನಲ್ಲಿ ತಯಾರಾಗುವ ಈ ಪುಟ್ಟ ಪೆಪ್ಟೈಡ್ ತಾನಾಗಿ ಏನನ್ನೂ ಮಾಡದು. ಜೀವಕೋಶದ ಹೊರಪೊರೆಯಲ್ಲಿ ಅದನ್ನು ಗುರುತಿಸುವ ಗ್ರಾಹಿ ಪ್ರೋಟೀನ್ ಇದ್ದರಷ್ಟೇ ಅದರ ಕೆಲಸ ನಡೆಯುತ್ತದೆ. ಇದೊಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ.

ತಪ್ಪು ಕಲ್ಪನೆ: ಇಂಜೆಕ್ಷನ್ ಹಾಕಿದರೆ ಹೆಚ್ಚು ಹಾಲು ಹುಟ್ಟುತ್ತದೆ.

ಸತ್ಯ: ಹಾಲು ಹುಟ್ಟುವುದು ಮೇವು, ಹಿಂಡಿ, ನೀರು, ತಳಿಯ ಬಲದಿಂದ. ಹಾಲು ತುಂಬಿದ ಸಣ್ಣ ಗುಳ್ಳೆಗಳನ್ನು ಸ್ನಾಯುವಿನಂಥ ಕೋಶಗಳು ಸುತ್ತುವರಿದಿರುತ್ತವೆ. ಗ್ರಾಹಿ ಇರುವುದು ಅವುಗಳ ಮೇಲೆ. ಆಕ್ಸಿಟೋಸಿನ್ ತಗುಲಿದಾಗ ಕೋಶದೊಳಗೆ ಕ್ಯಾಲ್ಸಿಯಂ ಏರಿ ಅವು ಬಿಗಿಯುತ್ತವೆ, ಹಾಲು ಕೆಳಗಿಳಿಯುತ್ತದೆ. ಎಮ್ಮೆಯ ಕೆಚ್ಚಲಿನಲ್ಲಿ ಮೊಲೆಯ ಹತ್ತಿರ ಮೊದಲೇ ಇಳಿದಿರುವ ಹಾಲು ಸುಮಾರು ಶೇ 5 ಮಾತ್ರ. ಹೀಗಾಗಿ ಎಮ್ಮೆ ಸೊರ ಬಿಡದಿದ್ದರೆ ಪಾತ್ರೆ ತುಂಬುವುದಿಲ್ಲ. ಸೂಜಿ ಇಳಿಸುವುದು ಒಳಗಿದ್ದ ಹಾಲನ್ನೇ.

ತಪ್ಪು ಕಲ್ಪನೆ: ದಿನಾ ಹಾಕಿದರೂ ತೊಂದರೆಯಿಲ್ಲ.

ಸತ್ಯ: ನಿತ್ಯ ಸೂಜಿಗೆ ಒಗ್ಗಿದ ಎಮ್ಮೆ, ಸೂಜಿಯಿಲ್ಲದೆ ಸೊರ ಬಿಡುವುದನ್ನೇ ಕಡಿಮೆ ಮಾಡುತ್ತದೆ. ಹೆದರಿದಾಗ ಅಡ್ರಿನಲಿನ್ ಏರಿ ಸೊರಕ್ಕೆ ಅಡ್ಡಬರುತ್ತದೆ. ಬಡಿಗೆ ಎತ್ತಿದರೆ ಹಾಲು ನಿಲ್ಲುವುದು ಇದಕ್ಕೇ. ಹೊತ್ತಿಗೆ ಸರಿಯಾಗಿ ಗೋದಲಿಗೆ ಹಿಂಡಿ ಹಾಕಿ, ಉಗುರುಬೆಚ್ಚಗಿನ ನೀರಿನಿಂದ ಕೆಚ್ಚಲು ತೊಳೆದು, ಎರಡು ನಿಮಿಷ ಸವರಿ, ಪರಿಚಿತ ಕೈಯೇ ಹಿಂಡಲಿ. ಹಾಲು ಹೆಚ್ಚಿಸಲೆಂದು ಪ್ರಾಣಿಯ ಆರೋಗ್ಯಕ್ಕೆ ಹಾನಿಯಾಗುವಂತೆ ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ತಪ್ಪು ಕಲ್ಪನೆ: ಆ ಹಾಲು ಕುಡಿದ ಹುಡುಗಿಯರು ಬೇಗ ಮೈನೆರೆಯುತ್ತಾರೆ.

ಸತ್ಯ: ಆಕ್ಸಿಟೋಸಿನ್ ಕೇವಲ 9 ಅಮೈನೋ ಆಮ್ಲಗಳ ಸರಪಳಿ. ರಕ್ತದಲ್ಲೇ ಅದು ಕೆಲವು ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಹೊಟ್ಟೆಗೆ ಹೋದರೆ ಬೇಳೆಯ ಪ್ರೋಟೀನಿನ ಹಾಗೆ ಜೀರ್ಣವಾಗುತ್ತದೆ. ಮೈನೆರೆಯಲು ಮೆದುಳಿನಲ್ಲಿ ಚಾಲನೆ ಕೊಡುವುದು ಕಿಸ್‌ಪೆಪ್ಟಿನ್ ಎಂಬ ಬೇರೆ ಪೆಪ್ಟೈಡ್. ಅದರ ಗ್ರಾಹಿಯೂ ಬೇರೆ. ಸೂಜಿಯನ್ನು ವಿರೋಧಿಸಲು ಎಮ್ಮೆಯ ಸಂಕಟವೇ ಸಾಕು, ಮಕ್ಕಳ ಹಾಲು ನಿಲ್ಲಿಸಬೇಕಿಲ್ಲ.

ತಪ್ಪು ಕಲ್ಪನೆ: ಇದು ವಿಷ, ಪೂರ್ತಿ ನಿಷೇಧಿಸಬೇಕು.

ಸತ್ಯ: ಹೆರಿಗೆ ಹತ್ತಿರವಾದಂತೆ ಗರ್ಭಕೋಶದ ಸ್ನಾಯುಗಳಲ್ಲಿ ಇದೇ ಗ್ರಾಹಿಗಳು ಹಲವು ಪಟ್ಟು ಹೆಚ್ಚುತ್ತವೆ. ಮಗು ಹೊರಬಂದ ಕೂಡಲೇ ಗರ್ಭಕೋಶ ಬಿಗಿಯಾಗದಿದ್ದರೆ ತಾಯಿ ರಕ್ತಸ್ರಾವದಿಂದ ಸಾಯಬಹುದು. ಅದನ್ನು ತಡೆಯಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮೊದಲ ಔಷಧಿ 10 ಯೂನಿಟ್ ಆಕ್ಸಿಟೋಸಿನ್. ಡೈರಿಗಳಲ್ಲಿನ ದುರ್ಬಳಕೆ ತಡೆಯಲೆಂದು ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ತಯಾರಿಕೆ ನಿಷೇಧಿಸಿ, ದೇಶದೊಳಗಿನ ಪೂರೈಕೆಯ ಹೊಣೆಯನ್ನು ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಯೊಂದಕ್ಕೇ ಒಪ್ಪಿಸಿತು. ಬಾಣಂತಿಯರಿಗೆ ಕೊರತೆಯಾಗುವ ಆತಂಕ ಎದ್ದಿತು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು.

ಹೆರಿಗೆ ಕೋಣೆಯಲ್ಲಿ ಡಾಕ್ಟರೋ ನರ್ಸೋ ಇದನ್ನು ಕೊಟ್ಟರೆ ಹೆದರಿ ಬೇಡವೆನ್ನಬೇಡಿ. ಕೊಟ್ಟಿಗೆಯಲ್ಲಿ ಪಶುವೈದ್ಯರು ಬರೆದುಕೊಡದ ಸೂಜಿಯನ್ನು ಎಮ್ಮೆಗೆ ಚುಚ್ಚಲು ಬಿಡಬೇಡಿ.