ಕಡಲು ದಾಟಿ ಬರುವ ತಿಜೋರಿ, ಗುಜರಿಗೆ ಹೋಗುವ ತಿಜೋರಿ

ಗೋಪಿನಾಥಂಗೆ ಬರುವ ಹೊರಗಿನವರ ಬಾಯಲ್ಲಿ ಇವತ್ತಿಗೂ ಒಂದು ಪ್ರಶ್ನೆ ಇದ್ದೇ ಇರುತ್ತದೆ: ದಂತಚೋರ ವೀರಪ್ಪನ್ ಕಾಡಿನಲ್ಲಿ ಹೂತಿಟ್ಟ ದುಡ್ಡು ಎಲ್ಲಿ? 2004ರ ಅಕ್ಟೋಬರ್ 18ರಂದು ಅವನು ಸತ್ತ, ವದಂತಿ ಸಾಯಲಿಲ್ಲ. ಈ ಊರಿಗೆ ಉಳಿಸಿಕೊಳ್ಳಲು ಅದಕ್ಕಿಂತ ದೊಡ್ಡ ನೆನಪಿದೆ. ಜನರ ನಡುವೆಯೇ ಇದ್ದು, ಮಾರಿಯಮ್ಮನ ಗುಡಿ ಕಟ್ಟಿಸಿ, 1991ರ ನವೆಂಬರ್ 10ರಂದು ವೀರಪ್ಪನ್ ಕೈಯಲ್ಲಿ ಹತರಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರದು. ಅವರು ಓಡಾಡುತ್ತಿದ್ದ ಜೀಪನ್ನು ಅರಣ್ಯ ಇಲಾಖೆ ದುರಸ್ತಿ ಮಾಡಿಸಿ ಉಳಿಸಿಕೊಂಡಿದೆ. ಹಳೆಯ ಕಬ್ಬಿಣವನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳುವುದಕ್ಕೂ ಅರ್ಥವಿದೆ ಎಂಬುದಕ್ಕೆ ನನಗೆ ಇನ್ನೊಂದು ಸಾಕ್ಷಿ ಬೇಕಿಲ್ಲ.

ಹಣವನ್ನು ಮಣ್ಣಲ್ಲಿ ಹೂಳುವುದು ಹಳೆಯ ಉಪಾಯ. ಅದನ್ನು ಕಬ್ಬಿಣದೊಳಗಿಟ್ಟು ಬೀಗ ಹಾಕುವ ಉಪಾಯ ನಮ್ಮ ಕಡೆಗೆ ಹಡಗಿನಲ್ಲಿ ಬಂತು. ಗೋಪಿನಾಥಂ ಇರುವ ಹನೂರು ಸೇರಿದಂತೆ ಇಡೀ ಕೊಳ್ಳೇಗಾಲ ಸೀಮೆ 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂಗ್ಲೆಂಡಿನ ಚಬ್, ಮಿಲ್ನರ್, ರಾಟ್ನರ್ ಕಂಪನಿಗಳ ತಿಜೋರಿಗಳು ಹಿಂದೂಸ್ತಾನದ ಖಜಾನೆ, ಬ್ಯಾಂಕು, ಸಾಹುಕಾರರ ಗದ್ದುಗೆಗಳಿಗೆ ಬಂದು ಕೂತದ್ದು ಬ್ರಿಟಿಷರ ಆಳ್ವಿಕೆಯ ಆ ಕಾಲದಲ್ಲೇ.

ಈಗ ಸಂಗ್ರಹದ ಹುಚ್ಚಿರುವವರು ಅಂಥವನ್ನೇ ಮತ್ತೆ ಇಂಗ್ಲೆಂಡಿನ ಹರಾಜಿನಲ್ಲಿ ಕೂಗಿ ತರಿಸಲು ಹೊರಡುತ್ತಾರೆ. ಆ ಆಸೆಯನ್ನು ನಾನು ಹಳಿಯಲಾರೆ. ಬೀಗದ ಚರಿತ್ರೆಯೇ ಅಂಥದ್ದು. ಪೋರ್ಟ್ಸ್‌ಮತ್‌ನ ಹಡಗುಕಟ್ಟೆಯಲ್ಲಿ ಕಳವಾದ ಮೇಲೆ ಜೆರೆಮಯ ಚಬ್ 1818ರಲ್ಲಿ ರೂಪಿಸಿದ ಬೀಗಕ್ಕೆ ಒಂದು ವಿಶೇಷ ಗುಣವಿತ್ತು. ಕಳ್ಳಗೀಲಿ ಹಾಕಿ ತಿರುವಿದರೆ ಒಳಗಿನ ಒಂದು ಸನ್ನೆ ಮೇಲೆದ್ದು ಸಿಕ್ಕಿಕೊಳ್ಳುತ್ತದೆ. ಆಮೇಲೆ ಯಜಮಾನ ತನ್ನ ಕೀಲಿ ಹಾಕಿದಾಗ ಅದು ಸಲೀಸಾಗಿ ತಿರುಗುವುದಿಲ್ಲ. ಯಾರೋ ಕೈಯಾಡಿಸಿದ್ದಾರೆಂದು ಬೀಗವೇ ಚಾಡಿ ಹೇಳುತ್ತದೆ. 1851ರ ಲಂಡನ್ ಮಹಾಪ್ರದರ್ಶನದ ಹೊತ್ತಿಗೆ ಬಂದ ಅಮೆರಿಕದ ಆಲ್‌ಫ್ರೆಡ್ ಹಾಬ್ಸ್ ಆ ಬೀಗವನ್ನೂ ತೆರೆದು, ಅಜೇಯವೆನಿಸಿದ್ದ ಬ್ರಾಮಾ ಬೀಗವನ್ನೂ ತೆರೆದು ಇಂಗ್ಲಿಷರ ನಿದ್ದೆಗೆಡಿಸಿದ. ಅಂಥ ಒಂದು ಯಂತ್ರ ನಮ್ಮ ಮನೆಯಲ್ಲಿರಲಿ ಎಂದು ಬಯಸುವುದು ಸಹಜ.

ಆದರೆ ತರಿಸುವ ಮುಂಚೆ ಒಡಲನ್ನು ನೋಡಬೇಕು. ಹತ್ತೊಂಬತ್ತನೇ ಶತಮಾನದ ಬೆಂಕಿ ತಾಳುವ ತಿಜೋರಿಗಳಲ್ಲಿ ಎರಡು ತಗಡಿನ ಗೋಡೆಗಳ ನಡುವೆ ಸ್ಫಟಿಕದಂಥ ಲವಣವನ್ನು ಮರದ ಹೊಟ್ಟಿನೊಡನೆ ತುಂಬುತ್ತಿದ್ದರು. ಬೆಂಕಿ ತಗುಲಿದಾಗ ಲವಣದ ಹರಳುಗಳು ನೀರು ಬಿಡುತ್ತವೆ, ನೀರು ಆವಿಯಾಗಿ ಶಾಖ ಹೀರುತ್ತದೆ, ಒಳಗಿನ ಪತ್ರಗಳು ಸುಡದೆ ಉಳಿಯುತ್ತವೆ. ಅದೇ ಲವಣ ದಶಕಗಳು ಕಳೆದಂತೆ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಹೊಸ ಬಣ್ಣ ಮಿರುಗುತ್ತಿದ್ದರೂ ತಳದ ಮೂಲೆಗಳು ಟೊಳ್ಳಾಗಿರಬಹುದು. ಆದ್ದರಿಂದ ಮುಂಬಾಗಿಲಿನ ಚಂದದ ಫೋಟೊಗಳು ಸಾಲವು. ತಳದ ನಾಲ್ಕು ಮೂಲೆ, ಬಾಗಿಲಿನ ಒಳಮೈ, ತಿರುಗಣಿ, ಕೀಲಿಯ ಹಲ್ಲುಗಳ ಫೋಟೊ ಕೇಳಿ. ಇಪ್ಪತ್ತನೇ ಶತಮಾನದ ಕೆಲವು ತಿಜೋರಿಗಳ ಒಡಲಲ್ಲಿ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಅನುಮಾನವಿದ್ದರೆ ಕೊರೆಯಬೇಡಿ, ಕೊರೆಸಲೂ ಬೇಡಿ.

ಇನ್ನು ಕಾಗದಪತ್ರ. ನೂರು ವರ್ಷ ದಾಟಿದ ವಸ್ತು ಸುಂಕದ ಪಟ್ಟಿಯಲ್ಲಿ 9706ನೇ ಶೀರ್ಷಿಕೆಯಡಿ ಪುರಾತನ ವಸ್ತುವಾಗಿ ಬರುತ್ತದೆ. ಅಷ್ಟು ವಯಸ್ಸಾಗಿಲ್ಲದಿದ್ದರೆ ಅದು ಬರೀ ಬಳಸಿದ ಸರಕು, ಅದಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅನುಮತಿ ಬೇಕು. ಹಾಗಾಗಿ ವಯಸ್ಸನ್ನು ಸಾಬೀತು ಮಾಡುವ ಸರಣಿ ಸಂಖ್ಯೆ, ಹಳೆಯ ರಸೀದಿ, ಹರಾಜಿನವರ ಬರಹ ಎಲ್ಲವೂ ತಿಜೋರಿಯಷ್ಟೇ ಮುಖ್ಯ. ಸುಂಕವನ್ನು ಲೆಕ್ಕ ಹಾಕುವುದು ಕೊಂಡ ಬೆಲೆಯ ಮೇಲೆ ಮಾತ್ರವಲ್ಲ. ಹಡಗಿನ ಬಾಡಿಗೆಯೂ ವಿಮೆಯೂ ಅದಕ್ಕೆ ಸೇರುತ್ತವೆ. ತಿಜೋರಿಯ ಬೆಲೆ ಅಗ್ಗ, ತೂಕ ಅರ್ಧ ಟನ್ನು ಎಂದಾದರೆ ಬಾಡಿಗೆಯೇ ಬೆಲೆಯನ್ನು ಮೀರಿಸುತ್ತದೆ, ಆ ಬಾಡಿಗೆಯ ಮೇಲೂ ಸುಂಕ ಕಟ್ಟುತ್ತೀರಿ. ಹರಾಜಿನ ಉಮೇದಿನಲ್ಲಿ ಇದು ಯಾರ ತಲೆಗೂ ಹೊಳೆಯುವುದಿಲ್ಲ. ತಂದ ಮೇಲೆ ಬೇಡವೆನಿಸಿ ವಾಪಸ್ ಕಳಿಸುವುದೂ ಸುಲಭವಲ್ಲ. ನೂರು ದಾಟಿದ ವಸ್ತು 1972ರ ಪುರಾವಸ್ತು ಕಾಯಿದೆಯ ಹಿಡಿತಕ್ಕೆ ಬರಬಹುದು, ಖಾಸಗಿಯವರು ಪುರಾವಸ್ತುವನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ಪೆಟ್ಟಿಗೆ ಕಟ್ಟುವ ಮರವನ್ನು ತಿರುಳು 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ 30 ನಿಮಿಷ ನಿಲ್ಲುವಂತೆ ಕಾಯಿಸಿ ಮುದ್ರೆ ಒತ್ತಿರಬೇಕು. ಹುಳು ದೇಶ ದಾಟದಿರಲೆಂದು ಮಾಡಿದ ಅಂತರರಾಷ್ಟ್ರೀಯ ನಿಯಮ ಇದು. ಹಡಗಿನ ಕಂಟೇನರಿನಲ್ಲಿ ಬಿಸಿಲಿಗೂ ರಾತ್ರಿಯ ತಂಪಿಗೂ ನೀರು ಬಸಿಯುವುದರಿಂದ ತೇವ ಹೀರುವ ಚೀಲಗಳನ್ನು ಒಳಗೂ ಹೊರಗೂ ಇಡಿಸಬೇಕು. ಕೀಲಿಯನ್ನಂತೂ ತಿಜೋರಿಯ ಜೊತೆ ಕಳಿಸಲೇಬಾರದು. ಒಂದನ್ನು ಅಂಚೆಯಲ್ಲಿ ಬೇರೆಯಾಗಿ ತರಿಸಿಕೊಂಡು, ಕಸ್ಟಮ್ಸ್‌ನವರು ತೆರೆದು ತೋರಿಸಿ ಎಂದಾಗ ಕೈಯಲ್ಲಿ ಸಿದ್ಧವಿಟ್ಟುಕೊಳ್ಳಿ.

ಚೆನ್ನೈ ಬಂದರಿನಲ್ಲಿ ಇಳಿದ ತಿಜೋರಿ ಗೋಪಿನಾಥಂ ಸೇರಬೇಕಾದರೆ ಸೇಲಂ, ಮೆಟ್ಟೂರು ದಾಟಿ ಪಾಲಾರ್‌ನಲ್ಲಿ ಕಾಡಿನ ರಸ್ತೆಗೆ ತಿರುಗಬೇಕು. ಕೊಳ್ಳೇಗಾಲದ ಕಡೆಯಿಂದಾದರೆ ಮಲೆ ಮಹದೇಶ್ವರ ಬೆಟ್ಟದ ತಿರುವುಗಳನ್ನು ಹತ್ತಿ ಇಳಿಯಬೇಕು. ಸಮುದ್ರಕ್ಕಿಂತ ಈ ಕೊನೆಯ ಹಾದಿಯಲ್ಲೇ ಅನಾಹುತ ಹೆಚ್ಚು. ಬಾಗಿಲು ತೆರೆದರೆ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಇಳಿಸುವಾಗ ಕಾಲು ಕೈ ಮುರಿಯುವುದು ಆಗಲೇ. ಬಾಗಿಲು ಮುಚ್ಚಿ, ಹಗ್ಗ ಬಿಗಿದು, ಚೈನ್ ಪುಲ್ಲಿಯಲ್ಲಿ ಇಳಿಸಿ, ಕಬ್ಬಿಣದ ಪೈಪುಗಳ ಮೇಲೆ ಉರುಳಿಸುವ ಹಮಾಲರ ಅನುಭವಕ್ಕೆ ಕೂಲಿ ಕೊಸರಬಾರದು. ಅಟ್ಟದ ಮನೆಯಲ್ಲಿ ಮೇಲೇರಿಸುವ ಯೋಚನೆಯೇ ಬೇಡ, ನೆಲದ ಮೇಲೇ ಇರಲಿ.

ಇಷ್ಟೆಲ್ಲ ಬರೆದರೂ ನನ್ನ ಮನಸ್ಸಿನಲ್ಲಿರುವುದು ಬೇರೆ. ಅದೇ ಇಂಗ್ಲಿಷ್ ತಿಜೋರಿಗಳು, ಅವಕ್ಕೆ ಸಡ್ಡು ಹೊಡೆದ ಗೋದ್ರೆಜ್ ತಿಜೋರಿಗಳು ನಮ್ಮ ಪೇಟೆಗಳಲ್ಲೇ ಗುಜರಿಗೆ ಬೀಳುತ್ತಿವೆ. ಆರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬಯಿಯಲ್ಲಿ ಬೀಗ ಮಾಡತೊಡಗಿ, ಕೆಲವೇ ವರ್ಷಗಳಲ್ಲಿ ತಿಜೋರಿಗೆ ಕೈಹಾಕಿದರು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು ಸುತ್ತಲಿನ ಕೇರಿಗಳು ಉರಿದಾಗ ಆ ತಿಜೋರಿಗಳೊಳಗಿನ ಪತ್ರಗಳು ಉಳಿದವು ಎಂಬುದು ಕಂಪನಿಯ ದೊಡ್ಡ ಹೆಮ್ಮೆ. ಇಂಥವು ಇಂದು ಕೀಲಿ ಕಳೆದಿದೆ ಎಂಬ ಒಂದೇ ಕಾರಣಕ್ಕೆ ಗ್ಯಾಸ್ ಕಟರ್‌ಗೆ ಸಿಗುತ್ತವೆ. ಕೀಲಿರಂಧ್ರ ಮುಚ್ಚುವ ಹಿತ್ತಾಳೆ ಬಿಲ್ಲೆಯನ್ನು ಬೆರಳಲ್ಲಿ ಸರಿಸಿ ನೋಡಿ: ವರ್ಷ ವರ್ಷದ ಆಯುಧಪೂಜೆಯ ಅರಿಸಿನ ಕುಂಕುಮ ಅಂಚಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಒಳಬಾಗಿಲಿಗೆ ಅಂಟಿಸಿದ ಲಕ್ಷ್ಮಿಯ ಪಟ ಅರ್ಧ ಉಳಿದಿರುತ್ತದೆ. ಲಿವರ್‌ಪೂಲಿನಿಂದ ನೇರವಾಗಿ ಬಂದ ಯಾವ ತಿಜೋರಿಯಲ್ಲೂ ಇದು ಸಿಗದು.

ಹಡಗಿಗೆ ದುಡ್ಡು ಕಟ್ಟುವ ಮುಂಚೆ ಕೊಳ್ಳೇಗಾಲ, ಮೈಸೂರು, ಚಾಮರಾಜನಗರದ ಗುಜರಿ ಅಂಗಡಿಗಳನ್ನು ಒಮ್ಮೆ ಸುತ್ತಿ. ಸಿಕ್ಕಿದರೆ ತೂಕದ ಬೆಲೆಗೇ ಸಿಗುತ್ತದೆ. ಕತ್ತರಿಸಲು ಬಿಡದೆ, ಲಿವರ್ ಬೀಗ ಬಲ್ಲ ಹಳೆಯ ಕೀಲಿ ಕೆಲಸದವರನ್ನು ಹುಡುಕಿ ಹೊಸ ಕೀಲಿ ಮಾಡಿಸಿ. ತೆರೆದ ಮೇಲೆ ಬೀಗದೊಳಕ್ಕೆ ಎಣ್ಣೆ ಸುರಿಯಬೇಡಿ, ಧೂಳು ಹಿಡಿದು ಸನ್ನೆಗಳು ಅಂಟಿಕೊಳ್ಳುತ್ತವೆ; ಒಂದು ಚಿಟಿಕೆ ಗ್ರಾಫೈಟ್ ಪುಡಿ ಸಾಕು. ಯಾರ ಮನೆಯದು, ಯಾವ ಊರಿಂದ ಬಂತು ಎಂದು ಗುಜರಿಯವನನ್ನು ಅವತ್ತೇ ಕೇಳಿ, ಸರಣಿ ಸಂಖ್ಯೆಯ ಜೊತೆ ಒಂದು ಹಾಳೆಯಲ್ಲಿ ಬರೆದು ತಿಜೋರಿಯ ಒಳಗೇ ಇಡಿ.