ಲೈನ್ ಮನೆಯ ಹೊಡೆತ: ತೋಟದ ಮಾಲೀಕರು ಮಾಡಬೇಕಾದ್ದೇನು?

ಹಣ್ಣು ಕುಯ್ಯುವ ಕಾಲದಲ್ಲಿ ಹೆಣ್ಣಾಳೊಬ್ಬಳು ಎರಡು ದಿನ ಬಾರದಿದ್ದರೆ ಚೆಕ್‌ರೋಲಿನಲ್ಲಿ ಗೈರುಹಾಜರಿ ಎಂದು ಬರೆದು ಸುಮ್ಮನಾಗುತ್ತೇವೆ. ಮೂರನೆಯ ದಿನ ಕೆನ್ನೆ ಬಾತುಕೊಂಡು ಬಂದರೆ, "ಗಂಡ ಹೆಂಡಿರ ಜಗಳ, ನಮಗೇಕೆ?" ಎನ್ನುತ್ತೇವೆ. ಆದರೆ ಲೈನ್ ಮನೆ ನಮ್ಮದು. ಬಟವಾಡೆ ಮಾಡುವವರು ನಾವು. ಅನೇಕ ವೇಳೆ ಗಂಡನೂ ನಮ್ಮಲ್ಲಿಯೇ ದುಡಿಯುವವನು. ಹೀಗಿರುವಾಗ ಈ ವಿಷಯ ತೋಟದ ಬೇಲಿಯ ಹೊರಗಿನದೆಂದು ಹೇಳಲಾಗದು.

ಕಾನೂನು ಏನೆನ್ನುತ್ತದೆ ಎಂಬುದನ್ನು ಸದಸ್ಯರು ತಿಳಿದಿರಬೇಕು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತ ಮಾತ್ರವಲ್ಲ, ಬೈಗುಳ, ಬೆದರಿಕೆ, ಆಕೆಯ ದುಡಿಮೆಯ ಹಣ ಕಿತ್ತುಕೊಳ್ಳುವುದು, ಇವೂ ಈ ಕಾಯಿದೆಯಂತೆ ಹಿಂಸೆಯೇ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡಲು ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿಗಳು. ಆಕೆ ಕೆಲಸ ಮಾಡುವ ಸ್ಥಳಕ್ಕೆ ಹಿಂಸೆ ಕೊಟ್ಟವನು ಕಾಲಿಡಬಾರದೆಂದು ಆಜ್ಞೆ ಮಾಡುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗೆ ಉಂಟು. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ.

ಇನ್ನು ನಮ್ಮ ಕೈಯಲ್ಲಿರುವ ಕೆಲಸಗಳು:

1. ಆಕೆಯ ಕೂಲಿಯನ್ನು ಆಕೆಯ ಕೈಗೆ ಅಥವಾ ಆಕೆಯ ಹೆಸರಿನ ಖಾತೆಗೇ ಕೊಡಿ. ಇಬ್ಬರ ಕೂಲಿಯನ್ನೂ ಗಂಡನಿಗೆ ಕೊಡುವ ಪದ್ಧತಿ ನಿಲ್ಲಲಿ. ಗಂಡ ಪಡೆದ ಮುಂಗಡವನ್ನು ಹೆಂಡತಿಯ ಲೆಕ್ಕದಲ್ಲಿ ಮುರಿದುಕೊಳ್ಳಬೇಡಿ.

2. ಆಸ್ಪತ್ರೆಗೆ, ಠಾಣೆಗೆ, ಕೋರ್ಟಿಗೆ ಹೋದ ದಿನಗಳಿಗಾಗಿ ಕೆಲಸ ತಪ್ಪಿಸಬೇಡಿ. ಹಣ್ಣು ಕುಯ್ಯುವುದಕ್ಕೂ ಅಡಿಕೆ ಸುಲಿಯುವುದಕ್ಕೂ ತೂಕದ ಮೇಲೆ ಕೂಲಿ. ಕೈಗೆ ಪೆಟ್ಟಾದವಳಿಗೆ ಅಂದಿನ ಸಂಪಾದನೆಯೇ ಇಲ್ಲ. ಅಂಥವಳನ್ನು ಕೆಲ ದಿನ ಕಣದ ಕಾವಲಿನಂಥ ಹಗುರ ಕೆಲಸಕ್ಕೆ ದಿನಗೂಲಿಯ ಮೇಲೆ ಹಾಕಿ.

3. ಗಂಡನೂ ನಮ್ಮಲ್ಲಿಯೇ ಇದ್ದರೆ ಇಬ್ಬರಿಗೂ ಬೇರೆ ಬೇರೆ ಕಡೆ ಕೆಲಸ ಕೊಡಿ.

4. ಮಾತನಾಡಿಸುವುದಾದರೆ ಒಬ್ಬಳೇ ಇದ್ದಾಗ, ಮನೆಯ ಹೆಂಗಸರ ಮೂಲಕ ಮಾತನಾಡಿಸಿ. ಮೇಸ್ತ್ರಿ ಗಂಡನ ಕಡೆಯವನಾಗಿದ್ದರೆ ಅವನ ಕಿವಿಗೆ ಬೀಳದಿರಲಿ. ಅಸ್ಸಾಮಿನಿಂದ ಬಂದ ಕುಟುಂಬಗಳ ಹೆಂಗಸರಿಗೆ ತವರು ದೂರ, ಭಾಷೆಯೂ ಬೇರೆ. ಅವರ ಕಡೆ ಹೆಚ್ಚು ಗಮನವಿರಲಿ.

5. ಮಹಿಳಾ ಸಹಾಯವಾಣಿ 181, ತುರ್ತು ಕರೆ 112, ಈ ಎರಡು ಸಂಖ್ಯೆಗಳನ್ನು ಬಟವಾಡೆಯ ಜಾಗದಲ್ಲಿ ದೊಡ್ಡದಾಗಿ ಬರೆಸಿ. ಪ್ರಾಣಾಪಾಯವಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ.

ಮಾಡಬಾರದ ಕೆಲಸಗಳೂ ಎರಡಿವೆ. ಮೊದಲನೆಯದು, ಇಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿ ಪಂಚಾಯಿತಿ ಮಾಡಿ "ಹೊಂದಿಕೊಂಡು ಹೋಗಿ" ಎಂದು ಕಳುಹಿಸುವುದು. ಎಲ್ಲರೆದುರು ತಲೆತಗ್ಗಿಸಿದ ಗಂಡ ಆ ಸಿಟ್ಟನ್ನು ರಾತ್ರಿ ಯಾರ ಮೇಲೆ ತೀರಿಸಿಕೊಳ್ಳುತ್ತಾನೆಂದು ಬೇರೆ ಹೇಳಬೇಕಿಲ್ಲ. ಎರಡನೆಯದು, ಕೋಪದಿಂದ ಗಂಡನ ಲೆಕ್ಕ ತೀರಿಸಿ ಸಂಸಾರವನ್ನೇ ಲೈನ್ ಮನೆಯಿಂದ ಹೊರಡಿಸುವುದು. ಗಂಡನ ಕೆಲಸ ಹೋದರೆ ಸೂರೂ ಹೋಗುತ್ತದೆ, ಮಕ್ಕಳ ಶಾಲೆಯೂ ತಪ್ಪುತ್ತದೆ ಎಂಬ ಭಯದಿಂದಲೇ ಎಷ್ಟೋ ಹೆಂಗಸರು ಬಾಯಿ ಬಿಡುವುದಿಲ್ಲ. ಮನೆಯನ್ನು ಆಕೆಯ ಹೆಸರಿಗೂ ಬರೆದುಕೊಂಡು, "ಅವನು ಇರಲಿ, ಹೋಗಲಿ, ನಿನ್ನ ಕೆಲಸವೂ ಮನೆಯೂ ನಿನಗುಂಟು" ಎಂದು ಮೊದಲೇ ತಿಳಿಸುವುದು ನಾವು ಕೊಡಬಹುದಾದ ದೊಡ್ಡ ಆಸರೆ.

ದೂರು ಕೊಡಬೇಕೋ ಬೇಡವೋ ಎಂಬ ತೀರ್ಮಾನ ಆಕೆಯದೇ ಆಗಿರಲಿ. ದಾರಿ ತೋರಿಸಿ, ಕೆಲಸ ಉಳಿಸಿಕೊಡುವುದು ನಮ್ಮ ಪಾಲಿನದು. ಐದಾರು ಆಳಿನ ಸಣ್ಣ ಹಿಡುವಳಿಗೂ ಇದು ಖರ್ಚಿನ ಬಾಬಲ್ಲ. ತಾಲ್ಲೂಕಿನ ರಕ್ಷಣಾಧಿಕಾರಿಗಳ ಕಚೇರಿಯ ವಿವರ ಬೇಕಾದ ಸದಸ್ಯರು ಸಂಘದ ಕಚೇರಿಯಲ್ಲಿ ವಿಚಾರಿಸಬಹುದು. ಯಾರ ಸಲುವಾಗಿ ಎಂದು ಕೇಳುವುದಿಲ್ಲ.

— ಕಾರ್ಯದರ್ಶಿ