ಮನೆಯಲ್ಲಿ ಹಲಗೆಯನ್ನು ನೆಟ್ಟಗೆ ಕೊಯ್ಯುವ ಬಗೆ

ಜಮಖಂಡಿ, ಮುಧೋಳಗಳ ಹಳೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಅಲ್ಲಿಯ ದಪ್ಪ ಗೋಡೆಗಳೊಳಗಿನ ಮಾಡಗಳ ನೆನಪು ಇದ್ದೇ ಇರುವದು. ದೀಪ, ಪುಸ್ತಕ, ಔಷಧದ ಸೀಸೆ, ಕುಂಕುಮದ ಭರಣಿ ಎಲ್ಲಕ್ಕೂ ಆ ಗೋಡೆಯ ಹೊಟ್ಟೆಯಲ್ಲಿಯೇ ಸ್ಥಳವಿತ್ತು. ಇಂದಿನ ತೆಳು ಗೋಡೆಗೆ ಆ ಔದಾರ್ಯವಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಹೊಸ ಮನೆ ಹೂಡಿದ ಬೀಳಗಿ ತಾಲೂಕಿನ ಕುಟುಂಬಗಳು ಇದನ್ನು ಚೆನ್ನಾಗಿ ಬಲ್ಲವು. ಆದುದರಿಂದಲೇ ಮಕ್ಕಳ ಪುಸ್ತಕಗಳಿಗೊಂದು ಕಪಾಟು, ಅಡಿಗೆಮನೆಯ ಡಬ್ಬಿಗಳಿಗೆ ಎರಡು ಹಲಗೆ ಬೇಕೆಂದು ಪ್ಲೈವುಡ್ಡು ತರುವ ಗೃಹಸ್ಥರು ಈಗ ಬಹಳ.

ಬಡಿಗರನ್ನು ಕರೆಯಬೇಡಿರೆಂದು ನಾವು ಹೇಳುವದಿಲ್ಲ. ಆದರೆ ಎರಡು ಹಲಗೆಯ ಕೆಲಸಕ್ಕೆ ಅವರಿಗೆ ಬಿಡುವು ದೊರೆಯುವದು ಅಪರೂಪ. ಸ್ವತಃ ಗರಗಸ ಹಿಡಿಯುವವರು ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಅರಿವೆ ತಪ್ಪಿ ಕತ್ತರಿಸಿದರೆ ತೇಪೆ ಹಾಕಬಹುದು. ಹಲಗೆಗೆ ಆ ಸೌಕರ್ಯವಿಲ್ಲ. ಅಲ್ಲದೆ ಕೊಯ್ತವು ನೆಟ್ಟಗಾಗುವದು ಕೈಯ ಬಲದಿಂದಲ್ಲ, ಕೊಯ್ಯುವ ಮುಂಚಿನ ಸಿದ್ಧತೆಯಿಂದ.

ರಬಕವಿ-ಬನಹಟ್ಟಿಯ ನೇಕಾರರಿಗೆ ಪ್ಲೈವುಡ್ಡಿನ ರಚನೆಯನ್ನು ವಿವರಿಸಬೇಕಾದುದಿಲ್ಲ. ಹಾಸಿನ ಎಳೆಗಳಿಗೆ ಅಡ್ಡವಾಗಿ ಹೊಕ್ಕಿನ ಎಳೆ ಸಾಗುವಂತೆ, ಇಲ್ಲಿ ಒಂದು ಪದರಿನ ಮರದ ನಾರಿಗೆ ಮುಂದಿನ ಪದರಿನ ನಾರು ಅಡ್ಡವಾಗಿರುತ್ತದೆ. ಪದರುಗಳು ಸಾಮಾನ್ಯವಾಗಿ 3, 5, 7 ಹೀಗೆ ಬೆಸಸಂಖ್ಯೆಯವು. ಇದರಿಂದ ಹಲಗೆಗೆ ಬಲ ಬರುವದು ನಿಜ. ಆದರೆ ಮೇಲ್ಪದರನ್ನು ನಾರಿಗೆ ಅಡ್ಡಲಾಗಿ ಕೊಯ್ದಾಗ ಅಂಚು ಸಿಬಿರೇಳುವದೂ ನಿಜ. ಗೆರೆಯ ಮೇಲೆ ಹರಿತವಾದ ಚಾಕುವಿನಿಂದ ಎರಡು ಮೂರು ಸಲ ಗೀರಿ, ನಾರನ್ನು ಮೊದಲೇ ಕಡಿದಿಟ್ಟರೆ ಈ ತೊಂದರೆ ಬಹಳಷ್ಟು ತಪ್ಪುವದು.

ಇನ್ನು ಅಳತೆ. ಪೂರ್ಣ ಹಲಗೆಯು ಸಾಮಾನ್ಯವಾಗಿ 8 ಅಡಿ ಉದ್ದ, 4 ಅಡಿ ಅಗಲ. ಅಂದರೆ 2440 ಮಿಲಿಮೀಟರಿಗೆ 1220. ಅಗಲವನ್ನು ನಾಲ್ಕು ಪಾಲು ಮಾಡಿದರೆ ಒಂದೊಂದು ಅಡಿಯ ನಾಲ್ಕು ಪಟ್ಟಿಗಳು ಬರುವವೆಂದು ಎಣಿಸುವದು ಸಹಜ. ಬರುವದಿಲ್ಲ! ಗರಗಸವು ತನ್ನ ಪಾಲನ್ನು ಪುಡಿಮಾಡಿ ತಿನ್ನುತ್ತದೆ. ಪ್ರತಿ ಕೊಯ್ತಕ್ಕೆ ಎರಡೂವರೆ ಮಿಲಿಮೀಟರು ಹೋದರೆ ಮೂರು ಕೊಯ್ತಕ್ಕೆ ಏಳೂವರೆ ಮಿಲಿಮೀಟರು. ಅಷ್ಟೂ ಕೊನೆಯ ಪಟ್ಟಿಯಲ್ಲಿ ಕಡಿಮೆ ಬಿದ್ದು ಕಪಾಟು ಓರೆಯಾಗುವದು. ಮೊದಲೇ 303ರ ಲೆಕ್ಕ ಹಿಡಿದರೆ ನಾಲ್ಕೂ ಸಮ. ಗರಗಸವನ್ನು ಯಾವಾಗಲೂ ಗೆರೆಯ ಹೊರಮಗ್ಗುಲಿಗೆ, ಬೇಡವಾದ ತುಂಡಿನ ಕಡೆಗೆ ನಡೆಸತಕ್ಕದ್ದು.

ಗೆರೆಗೆ ಆಸರೆಯಾಗಿ ಒಂದು ನೇರ ಪಟ್ಟಿಯನ್ನು ಎರಡೂ ತುದಿಗೆ ಕ್ಲ್ಯಾಂಪಿನಿಂದ ಬಿಗಿಯಬೇಕು. ಪಟ್ಟಿ ನೇರವಿದೆಯೋ ಎಂಬುದಕ್ಕೆ ಸುಲಭ ಪರೀಕ್ಷೆಯುಂಟು. ಅದರ ಅಂಚಿಗೆ ಗೆರೆ ಎಳೆಯಿರಿ. ಪಟ್ಟಿಯನ್ನು ಮಗುಚಿ ಅದೇ ಅಂಚನ್ನು ಅವೇ ಎರಡು ತುದಿಗಳಿಗೆ ಹೊಂದಿಸಿ ಮತ್ತೆ ಎಳೆಯಿರಿ. ಗೆರೆಗಳ ನಡುವೆ ಸಂದು ಕಂಡರೆ ಪಟ್ಟಿಯ ಸೊಟ್ಟು ಅದರ ಅರ್ಧದಷ್ಟು. ವಿದ್ಯುತ್ತಿನ ದುಂಡು ಗರಗಸವಾದರೆ ಅಲಗಿನಿಂದ ಅದರ ತಳತಗಡಿನ ಅಂಚಿನವರೆಗಿನ ಅಂತರವನ್ನು ಒಂದು ತುಂಡಿನ ಮೇಲೆ ಕೊಯ್ದು ನೋಡಿ ಅಳೆದು, ಅಷ್ಟು ದೂರದಲ್ಲಿ ಪಟ್ಟಿಯನ್ನು ಕಟ್ಟಬೇಕು.

ಚೆಂದದ ಮುಖ ಯಾವ ಕಡೆಗೆ? ಕೈಗರಗಸದ ಹಲ್ಲು ಕೆಳಗೆ ಹೊರಬೀಳುವಾಗ ಸಿಬಿರೆಬ್ಬಿಸುವದರಿಂದ ಚೆಂದದ ಮುಖ ಮೇಲಿರಲಿ. ದುಂಡು ಗರಗಸದ ಹಲ್ಲು ಕೆಳಗಿನಿಂದ ಮೇಲೇರುವದರಿಂದ ಅಲ್ಲಿ ಇದಕ್ಕೆ ವಿರುದ್ಧ. ಕೈಗರಗಸಕ್ಕೆ ಸಣ್ಣ ಹಲ್ಲಿನದೇ ಲೇಸು, ಅದನ್ನು ಹಲಗೆಗೆ ಬಾಗಿಸಿಯೇ ಎಳೆಯಬೇಕು. ಕೊಯ್ತದ ಎರಡೂ ಬದಿಗೆ ಅಡಿಯಲ್ಲಿ ಆಧಾರವಿರದಿದ್ದರೆ ತುಂಡು ಜೋತುಬಿದ್ದು ಅಲಗು ಸಿಕ್ಕಿಕೊಳ್ಳುವದು. ದುಂಡು ಗರಗಸದಲ್ಲಿ ಇದು ಅಪಾಯ. ಯಂತ್ರವು ಹಿಂದಕ್ಕೆ ಚಿಮ್ಮಿ ಮೈಮೇಲೆ ಬರಬಹುದು. ಆದಕಾರಣ ಅಲಗು ಹಲಗೆಯಿಂದ ಕೆಳಗೆ ಕೊಂಚವೇ ಹೊರಬರುವಂತೆ ಅದರ ಆಳವನ್ನು ಹೊಂದಿಸಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆಯಿರಲಿ. ಧೋತರದ ಚುಂಗು, ಸೀರೆಯ ಸೆರಗು, ಹೆಗಲ ಮೇಲಿನ ಟಾವೆಲ್ಲು ಇವನ್ನೆಲ್ಲ ಮೊದಲೇ ಬಿಗಿದುಕೊಳ್ಳಬೇಕು ಇಲ್ಲವೆ ತೆಗೆದಿಡಬೇಕು. ಅಲಗು ಬದಲಿಸುವಾಗ ವಿದ್ಯುತ್ತಿನ ತಂತಿ ಕಳಚಿರಲಿ. ಮಕ್ಕಳು ಹತ್ತಿರ ಬೇಡ.

ಕೊಯ್ದ ಹಲಗೆಯ ಮೂಲೆಯಿಂದ ಎದುರು ಮೂಲೆಗೆ ನೂಲು ಹಿಡಿದು ಎರಡೂ ಕರ್ಣಗಳನ್ನು ಅಳೆಯಿರಿ. 4 ಅಡಿಗೆ 3 ಅಡಿಯ ಹಲಗೆಗೆ ಅವು ಸರಿಯಾಗಿ 5 ಅಡಿ ಬರಬೇಕು. ಬೇರೆ ಅಳತೆಯಲ್ಲಿಯೂ ಎದುರುಬದುರಿನ ಬದಿಗಳು ಸಮವಿದ್ದು ಎರಡು ಕರ್ಣಗಳೂ ಸಮವಿದ್ದರೆ ಮೂಲೆ ನೇರ. ಕೊಯ್ದ ಅಂಚು ನೀರು ಹೀರುವದರಿಂದ ಅಡಿಗೆಮನೆಯಲ್ಲಿಡುವ ಹಲಗೆಗೆ ಅಂಚಿನುದ್ದಕ್ಕೂ ಎರಡು ಸಲ ವಾರ್ನೀಷು ಬಳಿಯಿರಿ, ಇಲ್ಲವೆ ತೆಳುವಾದ ಸಾಗವಾನಿಯ ಪಟ್ಟಿಯನ್ನು ಅಂಟಿಸಿರಿ.